ಪಂಚಮಿಗೆ ಮಾವ ಕೊಟ್ಟ ಕ್ಯಾಮೆರಾ

ನನ್ನ ಸೋದರಮಾವ ಏಕಕಾಲಕ್ಕೆ ನಾಲ್ಕು ಊರುಗಳಲ್ಲಿ ಇರುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮೊದಮೊದಲು ನಾನೂ ನಕ್ಕವಳೇ. ಆದರೆ ಚನ್ನಗಿರಿಯ ಮನೆಯ ಪಡಸಾಲೆಯಲ್ಲಿ ಬನಿಯನ್ ತೊಟ್ಟು ಕುಳಿತ ಮನುಷ್ಯ, ಕುಳಿತಲ್ಲಿಂದ ಏಳದೆ ಹೊನ್ನಾಳಿಯ ಕರುವನ್ನು ಗದರಿಸಿ, ನ್ಯಾಮತಿಯ ಹಾಲಿನವನಿಗೆ “ಇವತ್ತಾದ್ರೂ ನೀರು ಕಮ್ಮಿ ಹಾಕಪ್ಪ” ಎಂದು ಹೇಳಿ, ಜಗಳೂರಿನ ಅಂಗಳದಲ್ಲಿ ಒಣಹಾಕಿದ ಶೇಂಗಾದ ಮೇಲೆ ಮೋಡ ಕವಿಯುತ್ತಿರುವುದನ್ನು ಆ ಮನೆಯವರಿಗಿಂತ ಮೊದಲು ಕಂಡು ಎಚ್ಚರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದು ದೇವರಿಗೆ ಮಾತ್ರ ಸಾಧ್ಯ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ದೇವರಿಗೂ ಮಾವನಿಗೂ ಇರುವ ವ್ಯತ್ಯಾಸ ಇಷ್ಟೇ: ದೇವರಿಗೆ ನೆಟ್‌ವರ್ಕ್ ಬೇಕಾಗಿಲ್ಲ.

ಮಾವನ ಪರಿಚಯ ಹೇಳಿಬಿಡುತ್ತೇನೆ. ಚನ್ನಗಿರಿಯಲ್ಲಿ ಬಹಳ ವರ್ಷ ಬೀಜ-ಗೊಬ್ಬರದ ಅಂಗಡಿ ನಡೆಸಿ, ಈಗ ಅದನ್ನು ಮಗನ ಕೈಗೆ ಕೊಟ್ಟು ಆರಾಮಾಗಿದ್ದಾರೆ. ಆರಾಮಾಗಿದ್ದಾರೆ ಎನ್ನುವುದು ಅವರ ಮಾತು. ನಮಗೆ ಯಾರಿಗೂ ಹಾಗನ್ನಿಸಿಲ್ಲ. ನಾನು ಅದೇ ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ವಾಸ ಅವರ ಮನೆಯ ಮಹಡಿಯ ಮೇಲೆ, ಊಟ ಕೆಳಗೆ ಅತ್ತೆಯ ಅಡುಗೆಮನೆಯಲ್ಲಿ. ಮಾವನಿಗೆ ಮೂವರು ಅಕ್ಕತಂಗಿಯರು. ಎಲ್ಲರಿಗಿಂತ ಹಿರಿಯರು ಹೊನ್ನಾಳಿಯ ನನ್ನ ದೊಡ್ಡಮ್ಮ. ಆಮೇಲೆ ನ್ಯಾಮತಿಯಲ್ಲಿರುವ ನನ್ನ ಅಮ್ಮ. ಆಮೇಲೆ ಮಾವ. ಎಲ್ಲರಿಗಿಂತ ಚಿಕ್ಕವರು ಜಗಳೂರಿಗೆ ಕೊಟ್ಟ ಚಿಕ್ಕಮ್ಮ.

ಮಾವನ ಸ್ವಭಾವ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅವರು ಯಾವುದನ್ನೂ ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡವರಲ್ಲ. ಒಂದು ಸಲ ಕೊಡೆ ಕೊಳ್ಳಬೇಕೆಂದು ಹೊರಟವರು, ಮಳೆಗಾಲವಿಡೀ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೇರೆಯವರ ಕೊಡೆಗಳು ಗಾಳಿಗೆ ಹೇಗೆ ಮಗುಚುತ್ತವೆ ಎಂದು ನೋಡಿ, ತಾವು ತೊಯ್ದು ತೊಪ್ಪೆಯಾಗಿ, ಮಳೆ ನಿಂತ ಮೇಲೆ ಕೊಂಡರು. ಆದರೆ ಆ ಕೊಡೆ ಇವತ್ತಿಗೂ ಇದೆ. ಅದನ್ನು ಮೂರು ಸಲ ಬಸ್ಸಿನಲ್ಲಿ ಮರೆತು ಬಂದರೂ ಅದೇ ತಿರುಗಿ ಬಂದಿದೆ. ಇಂಥವರನ್ನು ನೋಡಿ ನಗುವುದೋ, ಕೈ ಮುಗಿಯುವುದೋ?

ಕ್ಯಾಮೆರಾದ ವಿಚಾರ ಶುರುವಾದದ್ದು ಹೊನ್ನಾಳಿಯಲ್ಲಿ. ಒಂದು ಬೆಳಿಗ್ಗೆ ದೊಡ್ಡಮ್ಮ ಅಂಗಳ ಗುಡಿಸಲು ಬಂದರೆ ಗೇಟು ಇರಲಿಲ್ಲ. ಗೇಟು ತೆರೆದಿತ್ತು ಎಂದು ನಾನು ಹೇಳುತ್ತಿಲ್ಲ, ಗೇಟೇ ಇರಲಿಲ್ಲ. ಕಳ್ಳರು ಗೇಟು ತೆರೆದು ಒಳಗೆ ಬರುವ ಕಷ್ಟವನ್ನೇ ಇಟ್ಟುಕೊಳ್ಳದೆ ಗೇಟನ್ನೇ ಕಿತ್ತುಕೊಂಡು ಹೋಗಿದ್ದರು. ಸುದ್ದಿ ಕೇಳಿದ ಮಾವ ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದರು. ಆಮೇಲೆ ಅಂದರು:

“ಇನ್ಮೇಲೆ ನಾನೇ ಕಾಯ್ತೀನಿ.”

“ಹೊನ್ನಾಳಿಗೆ ಹೋಗಿ ಕೂರ್ತೀರೇನು?” ಎಂದು ಅತ್ತೆ ಕೇಳಿದರು. ಅವರ ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತು ಎಂದು ನನ್ನ ಅನುಮಾನ.

“ಇಲ್ಲೇ ಕುಂತು ಕಾಯ್ತೀನಿ. ನೆಟ್ಟಿಗೆ ಹಾಕೋ ಕ್ಯಾಮೆರಾ ಅದಾವಂತೆ. ಅಲ್ಲಿ ಗೋಡೆಗೆ ಹೊಡೆದ್ರೆ ಇಲ್ಲಿ ಫೋನಾಗೆ ಕಾಣ್ತೈತೆ. ಮಾತೂ ಆಡಬಹುದಂತೆ.”

ಅಂದಿನಿಂದ ಮಾವ ಕ್ಯಾಮೆರಾಗಳ ಅಧ್ಯಯನಕ್ಕೆ ಕುಳಿತರು. ನಾನು ಪಿಎಚ್.ಡಿ. ಮಾಡುವಾಗ ಅಷ್ಟು ಓದಿರಲಿಲ್ಲ. ಮೆಗಾಪಿಕ್ಸೆಲ್ ಎಂದರೇನು, ಕತ್ತಲಲ್ಲಿ ಕಾಣುವುದು ಹೇಗೆ, ಮಳೆ ನೀರು ಒಳಗೆ ಹೋಗದಿರಲು ಏನಿರಬೇಕು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಕೊಂಡವರು ಬರೆದ ಅಭಿಪ್ರಾಯಗಳನ್ನು ಫೋನಿನಲ್ಲಿ ಓದುವಾಗ ಕೆಟ್ಟದ್ದನ್ನು ಮಾತ್ರ ಓದುತ್ತಿದ್ದರು. ಏಕೆ ಎಂದು ಕೇಳಿದೆ.

“ಒಳ್ಳೇದು ಬರಿಯೋರು ಡಬ್ಬ ಬಿಚ್ಚಿದ ದಿನ ಬರೀತಾರೆ. ಕೆಟ್ಟದ್ದು ಬರಿಯೋರು ಬಳಸಿ ನೋಡಿ ಬರೀತಾರೆ,” ಎಂದರು.

ಅಂಗಡಿಗೂ ಹೋದರು. ಒಂದಂಗಡಿಯ ಮಾಲೀಕ “ಸಾರ್, ಇದರಲ್ಲಿ ತಲೆಗೂದಲು ಕೂಡ ಎಣಿಸಬಹುದು” ಎಂದನಂತೆ. ಮಾವ ಟೋಪಿ ತೆಗೆದು ಕ್ಯಾಮೆರಾ ಮುಂದೆ ತಲೆ ಬಗ್ಗಿಸಿ “ಎಣಿಸು” ಎಂದರಂತೆ. ಮಾವನದು ಪೂರಾ ಬೋಳು ತಲೆ. ಇನ್ನೊಂದಂಗಡಿಯಲ್ಲಿ ಕತ್ತಲಲ್ಲಿ ಕಾಣುತ್ತದೋ ಇಲ್ಲವೋ ನೋಡಲು ಕ್ಯಾಮೆರಾದ ಜೊತೆ ತಾವೂ ಕಂಬಳಿ ಹೊದ್ದು ಮೇಜಿನ ಕೆಳಗೆ ಕುಳಿತುಬಿಟ್ಟರು. ಆ ಹೊತ್ತಿಗೆ ಒಳಬಂದ ಗಿರಾಕಿಯೊಬ್ಬರು ಕಂಬಳಿಯೊಳಗಿಂದ “ಮೂಗು ಕಾಣ್ತೈತೇನ್ರಿ?” ಎಂಬ ಪ್ರಶ್ನೆ ಕೇಳಿ, ತಾವು ಏನು ಕೊಳ್ಳಲು ಬಂದಿದ್ದರೆಂಬುದನ್ನೇ ಮರೆತು ಹೊರಟುಹೋದರು.

ಆದರೂ ಮಾವನಿಗೆ ಸಮಾಧಾನವಾಗಲಿಲ್ಲ. ಅಂಗಡಿಯ ಕ್ಯಾಮೆರಾ ಅಂಗಡಿಯಲ್ಲಿ ಚೆನ್ನಾಗಿಯೇ ಇರುತ್ತದೆ, ಬಿಸಿಲು ಮಳೆ ತಿಂದ ಕ್ಯಾಮೆರಾ ನೋಡಬೇಕು ಎಂದು ಹೊರಟರು. ಊರಲ್ಲಿ ಯಾರ ಮನೆಯ ಮುಂದೆ ಕ್ಯಾಮೆರಾ ಕಂಡರೂ ಅದರ ಕೆಳಗೆ ನಿಲ್ಲುವುದು, ಕತ್ತೆತ್ತಿ ನೋಡುವುದು, ಎಡಕ್ಕೆ ಹೋಗುವುದು, ಬಲಕ್ಕೆ ಹೋಗುವುದು, ಕಾಂಪೌಂಡಿನ ಎತ್ತರ ನೋಡುವುದು, ಹೋಗಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುವುದು. ಇದನ್ನು ನೋಡಿದವರು ಏನೆಂದುಕೊಳ್ಳಬೇಕು ನೀವೇ ಹೇಳಿ. ಒಂದು ವಾರದೊಳಗೆ ನಮ್ಮ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಕೆಳಗೆ “ಅನುಮಾನಾಸ್ಪದ ವ್ಯಕ್ತಿ ಮನೆಗಳ ಮುಂದೆ ಸುಳಿದಾಡುತ್ತಿದ್ದಾನೆ, ಎಲ್ಲರೂ ಎಚ್ಚರವಾಗಿರಿ” ಎಂದಿತ್ತು. ಫೋಟೋದಲ್ಲಿ ಮಾವ ಕತ್ತೆತ್ತಿ, ಬಾಯಿ ಸ್ವಲ್ಪ ತೆರೆದು, ನೇರ ನಮ್ಮನ್ನೇ ನೋಡುತ್ತಿದ್ದರು.

ಅತ್ತೆ ಫೋನನ್ನು ಮಾವನ ಮುಂದೆ ಹಿಡಿದರು. “ಮರ್ಯಾದೆಯಿಂದ ಬಾಳಿದ ಮನೆ. ನಾಳೆಯಿಂದ ಹೆಂಗೆ ಮುಖ ತೋರ್ಸೋದು?”

ಮಾವ ಫೋನು ಇಸಕೊಂಡರು. ಕನ್ನಡಕ ಹಾಕಿದರು. ಫೋಟೋವನ್ನು ಹಿಗ್ಗಿಸಿ, ಹಿಗ್ಗಿಸಿ, ತಮ್ಮ ಕಿವಿಯ ಮೇಲಿನ ಮಚ್ಚೆ ಕಾಣುವವರೆಗೆ ಹಿಗ್ಗಿಸಿ ನೋಡಿದರು. ಅವರ ಮುಖ ಅರಳಿತು.

“ಇದು ಯಾರ ಮನೆ ಕ್ಯಾಮೆರಾ? ಎಷ್ಟು ಸ್ಪಷ್ಟ ಬಂದೀನಿ ನೋಡು.”

ಅವತ್ತೇ ಸಂಜೆ ಆ ಮನೆಯ ಬಾಗಿಲು ಬಡಿದು, “ನಮಸ್ಕಾರ ರೀ, ನಾನು ಅನುಮಾನಾಸ್ಪದ ವ್ಯಕ್ತಿ,” ಎಂದು ಪರಿಚಯ ಹೇಳಿಕೊಂಡು, ಕಾಫಿ ಕುಡಿದು, ಕ್ಯಾಮೆರಾ ಯಾವುದೆಂದು ಕೇಳಿಕೊಂಡು ಬಂದರು. ಮಾವ ಕೊಂಡದ್ದು ಅದನ್ನೇ. ಒಂದಲ್ಲ, ನಾಲ್ಕು. ಒಬ್ಬ ಅಕ್ಕನ ಮನೆಗೆ ಹಾಕಿ ಉಳಿದಿಬ್ಬರನ್ನು ಬಿಡುವುದು ಹೇಗೆ? ತಮ್ಮ ಮನೆಗೊಂದು ಹಾಕಿ, ಉಳಿದ ಮೂರನ್ನು ಆ ವರ್ಷ ಪಂಚಮಿಗೆ ಸೀರೆಯ ಬದಲು ಉಡಿಗೆ ಹಾಕಿದರು.

ನನ್ನ ಅಮ್ಮ ನ್ಯಾಮತಿಯಲ್ಲಿ ಡಬ್ಬ ಬಿಚ್ಚಿ, ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: “ತಮ್ಮಾ, ಇದನ್ನ ಉಟ್ಕಂಡು ಮದುವಿಗೆ ಹೋಗಾಕೆ ಆಗ್ತೈತಾ?”

ಮಾವ ಮೂರೂ ಮನೆಗಳಿಗೆ ಖುದ್ದಾಗಿ ಹೋಗಿ, ಏಣಿ ಹತ್ತಿ, ಜಗಲಿಯ ಸೂರಿಗೆ ಕ್ಯಾಮೆರಾ ಹೊಡೆದು ಬಂದರು. ನಾಲ್ಕು ಊರುಗಳೂ ಅವರ ಅಂಗೈಗೆ ಬಂದವು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕ್ಯಾಮೆರಾ ಎಂಬ ವಸ್ತುವನ್ನು ಮಾವ ಹಗಲುರಾತ್ರಿ ಪರೀಕ್ಷಿಸಿದ್ದರು. ಅದರ ಹಿಂದೆ ಸಾಫ್ಟ್‌ವೇರ್ ಎಂಬುದೊಂದು ಇರುತ್ತದೆ, ಅದನ್ನು ಕಂಬಳಿ ಹೊದಿಸಿ ಪರೀಕ್ಷೆ ಮಾಡಲಾಗುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಮೊದಲನೆಯದಾಗಿ, ಕ್ಯಾಮೆರಾ ನೋಡಲೆಂದು ಫೋನಿಗೆ ಹಾಕಿಕೊಂಡ ಆ ಆ್ಯಪ್‌ಗೆ ಕನ್ನಡ ಬರುತ್ತಿರಲಿಲ್ಲ. ಮಾವ ಪ್ರೀತಿಯಿಂದ ‘ಹೊನ್ನಾಳಿ ಅಕ್ಕ’, ‘ನ್ಯಾಮತಿ ಅಕ್ಕ’, ‘ಜಗಳೂರು ತಂಗಿ’ ಎಂದು ಹೆಸರು ಕೊಟ್ಟರೆ, ಪರದೆಯ ಮೇಲೆ ಬರೀ ಚೌಕ ಚೌಕ ಡಬ್ಬಿಗಳು ಮೂಡಿದವು. ಇನ್ನೊಬ್ಬರಾಗಿದ್ದರೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮಾವ ಡಬ್ಬಿಗಳ ಸಾಲಿನ ಉದ್ದ ನೋಡಿಯೇ ಅಕ್ಕ ಯಾರು, ತಂಗಿ ಯಾರು ಎಂದು ಗುರುತಿಸಲು ಕಲಿತರು. “ಈ ಡಬ್ಬಿ ಸಾಲು ನಿಮ್ಮಮ್ಮ” ಎಂದು ನನಗೆ ತೋರಿಸುವಾಗ ಅವರ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ.

ಎರಡನೆಯದಾಗಿ, ಕ್ಯಾಮೆರಾ ಎದುರು ಯಾರಾದರೂ ಬಂದರೆ ಫೋನಿಗೆ ಸೂಚನೆ ಬರಬೇಕಿತ್ತು. ಬರುತ್ತಿತ್ತು. ತಂತಿಯ ಮೇಲೆ ಒಣಗುವ ಸೀರೆ ಗಾಳಿಗೆ ಆಡಿದರೆ ಇಂಗ್ಲಿಷಿನಲ್ಲಿ ‘ಮನುಷ್ಯ’ ಎನ್ನುತ್ತಿತ್ತು. ಹೊನ್ನಾಳಿಯ ತುಳಸಿಕಟ್ಟೆಯನ್ನು ದಿನವೂ ಬೆಳಿಗ್ಗೆ ‘ಮನುಷ್ಯ’ ಎನ್ನುತ್ತಿತ್ತು. ಹಿಂದಿನ ದಿನ ಆ ಕಟ್ಟೆ ಎಲ್ಲಿಗೆ ಹೋಗಿತ್ತೆಂದು ಅದು ತಿಳಿದಿತ್ತೋ ಕಾಣೆ. ದೊಡ್ಡಮ್ಮನ ಎಮ್ಮೆಯನ್ನು ‘ವಾಹನ’ ಎಂದಿತು. ಆದರೆ ನನ್ನ ಅಮ್ಮ ಜಗಲಿಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರೆ ಅದಕ್ಕೆ ಗೊಂದಲವಾಗುತ್ತಿತ್ತು. ಬಹಳ ಹೊತ್ತು ಯೋಚಿಸಿ ಕೊನೆಗೆ ‘ಸಾಕುಪ್ರಾಣಿ’ ಎಂದು ತಿಳಿಸಿತು. ಇದನ್ನು ಮಾವ ಮುಚ್ಚಿಡದೆ ಅಮ್ಮನಿಗೆ ಹೇಳಿಬಿಟ್ಟರು. ಅಮ್ಮ ಅವತ್ತಿನಿಂದ ಆ ಕ್ಯಾಮೆರಾಕ್ಕೆ ಬೆನ್ನು ಹಾಕಿಯೇ ಕುಳಿತುಕೊಳ್ಳುತ್ತಿದ್ದರು.

ಇನ್ನು ಮಾತಿನ ಕಥೆ. ಮಾವ ಇಲ್ಲಿ ಬಟನ್ ಒತ್ತಿ ಮಾತಾಡಿದರೆ ಅಲ್ಲಿ ಕ್ಯಾಮೆರಾದಿಂದ ಅವರ ದನಿ ಬರಬೇಕು. ಬರುತ್ತಿತ್ತು, ಆದರೆ ತನಗೆ ಪುರುಸೊತ್ತಾದಾಗ. ಒಂದು ದಿನ ನ್ಯಾಮತಿಯ ಅಂಗಳಕ್ಕೆ ಯಾರದೋ ಆಡು ನುಗ್ಗಿ ಕನಕಾಂಬರದ ಗಿಡಕ್ಕೆ ಬಾಯಿ ಹಾಕಿತು. ಮಾವ ಇಲ್ಲಿಂದ “ಹೊಡೀರಿ ಅದನ್ನ, ಕಿವಿ ಹಿಡಿದು ಹೊರಗೆ ಹಾಕ್ರಿ, ಬಿಟ್ರೆ ಎಲ್ಲಾ ತಿಂದು ಹೋಗ್ತೈತೆ” ಎಂದು ಕೂಗಿದರು. ಅಲ್ಲಿ ಸದ್ದಿಲ್ಲ. ಆಡು ನಿಧಾನವಾಗಿ ತಿಂದು ಹೋಯಿತು. ಆಮೇಲೆ ಹತ್ತಿರದ ಊರು ಗೋವಿನಕೋವಿಯಿಂದ ನಮ್ಮ ಅಪ್ಪನ ಹಳೆಯ ಗೆಳೆಯರು ಒಂದು ಚೀಲ ಬದನೆಕಾಯಿ ಹೊತ್ತು ಬಂದು, ಚಪ್ಪಲಿ ಬಿಟ್ಟು, ಜಗಲಿ ಹತ್ತಿದರು. ಸರಿಯಾಗಿ ಆಗ ತಲೆಯ ಮೇಲಿನಿಂದ ಮಾವನ ದನಿ ಮೊಳಗಿತು. ಅವರು ಬದನೆಕಾಯಿ ಅಲ್ಲೇ ಇಟ್ಟು ಬಂದ ದಾರಿ ಹಿಡಿದರು. ಅಪ್ಪ ಅವರನ್ನು ಬಸ್‌ಸ್ಟ್ಯಾಂಡಿನಿಂದ ಕೈಹಿಡಿದು ಕರೆದುಕೊಂಡು ಬರಬೇಕಾಯಿತು.

ಇದೆಲ್ಲ ಆದರೂ ಮಾವ ಆ ಸಾಫ್ಟ್‌ವೇರನ್ನು ಒಂದು ಸಲವೂ ಬೈಯಲಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಅದು. ಅತ್ತೆ “ಆ ಹಾಳು ಡಬ್ಬಿನ ಕಿತ್ತು ಬಿಸಾಕ್ರಿ” ಎಂದರೆ, “ಪಾಪ, ಹೊಸದು ಕಣೆ, ಕಲೀತಾ ಐತೆ” ಎನ್ನುತ್ತಿದ್ದರು. ಅದು ಅಪ್‌ಡೇಟ್ ಕೇಳಿದಾಗಲೆಲ್ಲ ಹಸಿದ ಕರುವಿಗೆ ಹಾಲು ಬಿಟ್ಟಂತೆ ತಕ್ಷಣ ಕೊಡುತ್ತಿದ್ದರು. ಹಾಗೆ ಕೊಟ್ಟ ಒಂದು ಅಪ್‌ಡೇಟಿನಿಂದ ಅದಕ್ಕೆ ಕನ್ನಡ ಬಂತು. ಡಬ್ಬಿಗಳು ಹೋಗಿ ಅಕ್ಷರ ಮೂಡಿದವು. ಮಾವನ ಸಂತೋಷ ಹೇಳತೀರದು. ಆದರೆ ಅದು ಯಾವ ಊರಿನ ಕನ್ನಡವೋ ಆ ದೇವರೇ ಬಲ್ಲ. ಒಂದು ಮಧ್ಯಾಹ್ನ ಜಗಳೂರಿನಲ್ಲಿ ಕರೆಂಟು ಹೋಗಿ ಕ್ಯಾಮೆರಾ ನಿಂತಿತು. ಮಾವ ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗಿದ್ದ ಫೋನನ್ನು ಅತ್ತೆ ತೆಗೆದು ನೋಡಿದರು. ಅದರಲ್ಲಿ ಬರೆದಿತ್ತು: ‘ಜಗಳೂರು ತಂಗಿ ಈಗ ಅಸ್ತಿತ್ವದಲ್ಲಿಲ್ಲ.’

ಅತ್ತೆಯ ಅಳು ಕೇಳಿ ನಾನು ಮಹಡಿಯಿಂದ ಓಡಿ ಬಂದೆ. ಪಕ್ಕದ ಮನೆಯವರೂ ಬಂದರು. ಯಾರೋ ಅಂಗಡಿಗೆ ಹೋಗಿ ಮಾವನನ್ನು ಕರೆತಂದರು. ಮಾವ ಬಂದವರೇ ಜಗಳೂರಿಗೆ ಫೋನು ಹಚ್ಚಿದರು. ಅಸ್ತಿತ್ವದಲ್ಲಿಲ್ಲದ ಚಿಕ್ಕಮ್ಮ ಫೋನೆತ್ತಿ, “ಏನಣ್ಣ? ರೊಟ್ಟಿ ಬಡೀತಿದ್ದೆ,” ಎಂದರು. ಮಾವ “ಬಡಿ, ಬಡಿ” ಎಂದು ಇಟ್ಟುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಕನ್ನಡ ಕಲ್ಸೋಳು. ಅದಕ್ಕೊಂದು ಚೂರು ಕಲ್ಸಾಕೆ ಆಗಲ್ಲೇನವ್ವ?” ಎಂದು ಬಹಳ ದೈನ್ಯದಿಂದ ಕೇಳಿದರು.

ಕ್ಯಾಮೆರಾ ಹೀಗೆ ನಿಂತಾಗ ಏನು ಮಾಡಬೇಕೆಂದು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ, ಆ ಕಡೆಯ ಹುಡುಗಿ ಬಹಳ ವಿನಯದಿಂದ ಹೇಳಿದಳು: “ಸರ್, ಕ್ಯಾಮೆರಾದ ಹಿಂದೆ ಒಂದು ಸಣ್ಣ ತೂತಿದೆ. ಪಿನ್ನಿನಿಂದ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ.”

“ಆಗ್ಲಿ ತಾಯಿ, ಲೈನಾಗೆ ಇರು,” ಎಂದು ಮಾವ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಕ್ಯಾಮೆರಾ ಇರುವುದು ಜಗಳೂರಿನಲ್ಲಿ ಎಂದು ಪಾಪ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿಂದ ಮಾವನ ಪಿನ್ನಿನ ಯಾತ್ರೆ ಆರಂಭವಾಯಿತು. ಅತ್ತೆಯ ಬಳೆಯಲ್ಲಿದ್ದ ಪಿನ್ನೊಂದನ್ನು ಇಸಕೊಂಡು ಅಂಗಿಗೆ ಸಿಕ್ಕಿಸಿಕೊಂಡರು. ಹೊನ್ನಾಳಿ ನಿಂತರೆ ಹೊನ್ನಾಳಿಗೆ ಹೋಗುವರು. ಅಲ್ಲಿ ಒತ್ತುವಷ್ಟರಲ್ಲಿ ನ್ಯಾಮತಿ ನಿಂತಿರುತ್ತಿತ್ತು. ಹೇಗೂ ಹತ್ತಿರ ಎಂದು ಅಲ್ಲಿಗೂ ಹೋಗುವರು. ಜಗಳೂರಿಗೆ ಹೋಗಿ ಸರಿ ಮಾಡಿ ತಿರುಗಿ ಬರುವಾಗ, ಬಸ್ಸು ತ್ಯಾವಣಿಗೆ ದಾಟುವ ಮೊದಲೇ ‘ಜಗಳೂರು ತಂಗಿ ಅಸ್ತಿತ್ವದಲ್ಲಿಲ್ಲ’ ಎಂದು ಬಂದುಬಿಡುತ್ತಿತ್ತು. ಅಕ್ಕತಂಗಿಯರ ಮನೆಗೆ ಹೋಗಲಾಗುವುದಿಲ್ಲವೆಂದೇ ಕ್ಯಾಮೆರಾ ಹಾಕಿದವರು, ಕ್ಯಾಮೆರಾ ಕೆಡುತ್ತದೆಂದು ಅವರ ಮನೆಗೆ ಹೋದಷ್ಟು ಇಡೀ ಆಯುಷ್ಯದಲ್ಲಿ ಹೋಗಿರಲಿಲ್ಲ. ಹೋದಲ್ಲಿ ಉಂಡು, ಮಲಗಿ ಎದ್ದು, ಹಪ್ಪಳ ಸಂಡಿಗೆ ಕಟ್ಟಿಸಿಕೊಂಡು ಬರುತ್ತಿದ್ದರು. ಈ ಸಾಫ್ಟ್‌ವೇರ್ ಬರೆದವರಿಗೆ ನನ್ನ ಅಮ್ಮ ಒಳಗೊಳಗೇ ಕೃತಜ್ಞರಾಗಿದ್ದರು ಎಂದು ನನ್ನ ನಂಬಿಕೆ.

ಒಂದು ಸಲ ನಾನೂ ಮಾವನ ಜೊತೆ ಹೊನ್ನಾಳಿಗೆ ಹೋಗಿದ್ದೆ. ಮಾವ ಏಣಿಯಿಂದಿಳಿದು, ಸರಿಯಾಯಿತೋ ಇಲ್ಲವೋ ಎಂದು ಫೋನು ತೆರೆದು ನಾಲ್ಕೂ ಊರುಗಳನ್ನು ದೊಡ್ಡಮ್ಮನಿಗೆ ತೋರಿಸತೊಡಗಿದರು. ಚನ್ನಗಿರಿ ಬಂದಾಗ ದೊಡ್ಡಮ್ಮ ಹೂಂ ಎಂದರು. ನ್ಯಾಮತಿ ಬಂದಾಗ ಹೂಂ ಎಂದರು. ಜಗಳೂರು ಬಂದಾಗ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. ಪರದೆಯಲ್ಲಿ ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು.

“ಸೊರಗ್ಯಾಳೆ,” ಎಂದರು ದೊಡ್ಡಮ್ಮ.

“ನಿನ್ನ ಕೇಳಿದ್ಲು ಅಕ್ಕ,” ಎಂದರು ಮಾವ.

“ಸುಳ್ಳು ಹೇಳಬ್ಯಾಡ,” ಎಂದು ಹೇಳಿ ದೊಡ್ಡಮ್ಮ ಕನ್ನಡಕ ತೆಗೆದರು.

ಮಾವ ಹೇಳಿದ್ದು ಸುಳ್ಳೇ. ದೊಡ್ಡಮ್ಮನೂ ಚಿಕ್ಕಮ್ಮನೂ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ನಮ್ಮ ಅಜ್ಜಿ, ಅಂದರೆ ಇವರೆಲ್ಲರ ತಾಯಿ, ಕೊನೆಯುಸಿರು ಬಿಟ್ಟದ್ದು ಹೊನ್ನಾಳಿಯ ಆ ಮನೆಯಲ್ಲೇ. ಸುದ್ದಿ ಮುಟ್ಟಿದ ಕೂಡಲೇ ಚಿಕ್ಕಮ್ಮ ಜಗಳೂರಿನಿಂದ ಹೊರಟಿದ್ದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಅವರು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕಾಯುವುದು ಬೇಡ, ಎತ್ತಿರಿ ಎಂದು ಹೇಳಿದ್ದು ಹಿರಿಯ ಮಗಳೇ ಎಂದು ಚಿಕ್ಕಮ್ಮನಿಗೆ ಅವತ್ತೇ ಗೊತ್ತಾಯಿತು. “ನನ್ನ ಅವ್ವನ ಮುಖ ನನಗೆ ತೋರಿಸ್ಲಿಲ್ಲ” ಎಂದು ಅಂದವರು ಮತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ದೊಡ್ಡಮ್ಮನೂ ಕರೆದಿರಲಿಲ್ಲ. ಮಾವ ಇಬ್ಬರ ನಡುವೆ ಇಲ್ಲದ ಯೋಗಕ್ಷೇಮಗಳನ್ನು ಹೊತ್ತು ತಿರುಗುತ್ತಿದ್ದರು.

ಆ ಭಾನುವಾರದ ಮಧ್ಯಾಹ್ನ ನಡೆದದ್ದನ್ನು ಈಗ ಹೇಳುತ್ತೇನೆ. ಮಾವನ ಮನೆಗೆ ಹೊಸ ಟಿವಿ ಬಂದಿತ್ತು. ಅದರಲ್ಲೂ ಅದೇ ಆ್ಯಪ್ ಹಾಕಿಕೊಂಡಿದ್ದರು. ಹೊನ್ನಾಳಿಯ ಕರುವಿಗೆ ಮೈ ಸರಿಯಿರಲಿಲ್ಲವೆಂದು ಟಿವಿಯಲ್ಲಿ ಹೊನ್ನಾಳಿಯ ಅಂಗಳ ಇಟ್ಟು, ಅದರ ಕೆಮ್ಮು ಕೇಳಿಸಲೆಂದು ಸೌಂಡನ್ನೂ ಜೋರಾಗಿ ಇಟ್ಟಿದ್ದರು. ಕೈಯಲ್ಲಿದ್ದ ಫೋನಿನಲ್ಲಿ ಜಗಳೂರು ತೆರೆದಿತ್ತು. ಶೇಂಗಾಕ್ಕೆ ಕೋಳಿ ಬಿದ್ದಿದ್ದು ಕಂಡು, ಬಟನ್ ಒತ್ತಿ “ಕೋಳಿ ಓಡ್ಸವ್ವ” ಎಂದು ತಂಗಿಗೆ ಹೇಳಿ, ಫೋನನ್ನು ಟಿವಿಯ ಮುಂದಿನ ಸ್ಟೂಲಿನ ಮೇಲಿಟ್ಟು ಊಟಕ್ಕೆ ಬಂದರು. ಇತ್ತೀಚಿನ ಅಪ್‌ಡೇಟಿನಿಂದ ಆ ಬಟನ್ನಿಗೆ ಒಂದು ಹೊಸ ರೋಗ ಬಂದಿತ್ತು. ಒತ್ತಿದ ಬೆರಳು ತೆಗೆದರೂ ಅದು ಒತ್ತಿದಂತೆಯೇ ಉಳಿಯುತ್ತಿತ್ತು. ಅಂದರೆ ಮಾವನ ಪಡಸಾಲೆಯಲ್ಲಿ ಆಗುವ ಸದ್ದೆಲ್ಲ ಜಗಳೂರಿನ ಅಂಗಳದಲ್ಲಿ ಕೇಳುತ್ತಿತ್ತು. ಅವತ್ತು ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾವು ಮೂವರೂ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಟಿವಿಯಿಂದ ದೊಡ್ಡಮ್ಮನ ದನಿ ಕೇಳಿಸಿತು. ಪಕ್ಕದ ಮನೆಯಾಕೆಯ ಜೊತೆ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಆಕೆ ಏನೋ ಕೇಳಿದಳು. ದೊಡ್ಡಮ್ಮ ಹೇಳಿದರು:

“ಹೌದು, ನಾನೇ ಎತ್ರಿ ಅಂದೆ. ಅವ್ವನ ಮುಖ ಹೊತ್ತು ಹೊತ್ತಿಗೆ ಬ್ಯಾರೆ ಆಗ್ತಾ ಇತ್ತು. ಆಕಿ ಹಿಂದಿನ ಹಬ್ಬಕ್ಕೆ ಬಂದಾಗ ಅವ್ವ ಬಾಗಿಲ ತನಕ ಹೋಗಿ, ನಕ್ಕೋಂತ ಕಳ್ಸಿದ್ಲು. ಆಕಿಗೆ ಆ ಮುಖನೇ ಉಳೀಲಿ ಅಂದ್ಕಂಡೆ. ಈ ಮುಖ ನಾನು ನೋಡಿದ್ದು ಸಾಕು. ಸಣ್ಣಾಕಿ ನೋಡೋದು ಬ್ಯಾಡ ಅನ್ನಿಸ್ತು.”

“ಆಕಿಗೆ ಇದನ್ನ ಹೇಳಬಾರದಿತ್ತೇನ್ರಿ?”

“ಅವತ್ತು ಅಳ್ತಾ ಬಿದ್ದಿದ್ಲು, ಹೆಂಗೆ ಹೇಳಲಿ? ಆಮ್ಯಾಲೆ ಹೇಳಿದ್ರೆ ನೆಪ ಹೇಳ್ದಂಗೆ ಆಗ್ತಿತ್ತು. ಸಿಟ್ಟಿದ್ರೆ ಇರ್ಲಿ ಬಿಡು. ನನ್ನ ಮ್ಯಾಲೆ ತಾನೆ.”

ಬಡಿಸಲೆಂದು ಎದ್ದ ಅತ್ತೆ ಸಾರಿನ ಸ್ಟೀಲ್ ಬಟ್ಟಲು ಹಿಡಿದು ಹಾಗೇ ನಿಂತಿದ್ದರು. ಮಾವ ಎಂಜಲು ಕೈಯಲ್ಲೇ ಎದ್ದರು. “ಅಕ್ಕನ ಮಾತು ಕದ್ದು ಕೇಳ್ದಂಗೆ ಆಗ್ತೈತೆ, ಸೌಂಡು ಕಮ್ಮಿ ಮಾಡ್ತೀನಿ,” ಎಂದು ಪಡಸಾಲೆಗೆ ಹೋದವರು ಸ್ಟೂಲಿನ ಮುಂದೆ ನಿಂತುಬಿಟ್ಟರು. ನಾನು ಹಿಂದೆಯೇ ಹೋಗಿ ನೋಡಿದೆ. ಫೋನಿನಲ್ಲಿ ಬಟನ್ ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಪರದೆಯಲ್ಲಿ ಚಿಕ್ಕಮ್ಮ ಪೊರಕೆ ಹಿಡಿದು, ಕ್ಯಾಮೆರಾದ ಕೆಳಗೇ, ಕತ್ತೆತ್ತಿ ನಿಂತಿದ್ದರು. ಎಷ್ಟು ಅಲುಗಾಡದೆ ನಿಂತಿದ್ದರೆಂದರೆ, ಅವರ ಸುತ್ತ ಕೋಳಿಗಳು ಶೇಂಗಾ ಕೆದರುತ್ತಿದ್ದರೂ ಆ್ಯಪ್ ಕೆಳಗೆ ‘ಚಲನೆ ಇಲ್ಲ’ ಎಂದು ತೋರಿಸುತ್ತಿತ್ತು. ಆಮೇಲೆ ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾವ ಫೋನು ಮಾಡಿದರು. ಚಿಕ್ಕಮ್ಮ ಎತ್ತಲಿಲ್ಲ. ಸಂಜೆ ಮಾಡಿದರು. ಎತ್ತಲಿಲ್ಲ.

“ಆರ್ತಿದ್ದ ಗಾಯ ಕೆದರಿಬಿಟ್ಟೆ ನಾನು,” ಎಂದರು ಮಾವ. ಅಷ್ಟು ದಿನ ಏನೇ ಆದರೂ ಬಗ್ಗದಿದ್ದ ಮನುಷ್ಯ ಅವತ್ತು ರಾತ್ರಿ ಅನ್ನ ಮುಟ್ಟಲಿಲ್ಲ. ಅಂಗಿಯಲ್ಲಿದ್ದ ಪಿನ್ನನ್ನು ತೆಗೆದು ಅತ್ತೆಗೆ ತಿರುಗಿ ಕೊಟ್ಟರು. “ಎಲ್ಲಾ ಕಿತ್ತು ಹಾಕ್ತೀನಿ. ನೀನು ಹೇಳಿದ್ದೇ ಸರಿ,” ಎಂದರು. ಗೆದ್ದ ಅತ್ತೆಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಕಾಲೇಜಿನಿಂದ ಊಟಕ್ಕೆ ಬಂದಾಗ ಮಾವನ ಫೋನು ಸದ್ದು ಮಾಡಿತು. ‘ಹೊನ್ನಾಳಿ ಅಕ್ಕ: ಮನುಷ್ಯ.’

“ತುಳಸಿಕಟ್ಟೆ ಇರಬೇಕು ತಗಾ,” ಎಂದರು ಮಾವ, ಎದ್ದು ನೋಡುವ ಉಮೇದಿಲ್ಲದೆ. ನಾನೇ ಫೋನು ತೆರೆದು ಅವರ ಮುಂದೆ ಹಿಡಿದೆ.

ಗೇಟಿನ ಹೊರಗೆ ಚಿಕ್ಕಮ್ಮ ನಿಂತಿದ್ದರು. ಕೈಯಲ್ಲಿ ಒಂದು ಬ್ಯಾಗು. ಗೇಟು ಹೊಸದು, ಅದರ ಚಿಲಕ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಮೇಲೆ ಹುಡುಕಿದರು, ಕೆಳಗೆ ಹುಡುಕಿದರು. ಅಷ್ಟರಲ್ಲಿ ಸದ್ದು ಕೇಳಿ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಹೊಸ್ತಿಲಲ್ಲಿ ನಿಂತರು. ಇವರು ಅವರನ್ನು ನೋಡಿದರು. ಅವರು ಇವರನ್ನು ನೋಡಿದರು. ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದು ನಮ್ಮ ಭುಜಗಳ ನಡುವೆ ತಲೆ ತೂರಿಸಿದರು. ದೊಡ್ಡಮ್ಮ ಒಂದು ಮೆಟ್ಟಿಲು ಇಳಿದರು.

ಪರದೆ ಕಪ್ಪಾಯಿತು.

“ಅಯ್ಯೋ ಇದರ ಮನೆ ಹಾಳಾಗ. ಈಗ್ಲೇ ಕೈ ಕೊಡಬೇಕಿತ್ತಾ ಇದು?” ಎಂದರು ಅತ್ತೆ.

ನಾನು ನೋಡಿದೆ. ನ್ಯಾಮತಿ ಚೆನ್ನಾಗಿ ಓಡುತ್ತಿತ್ತು. ಅಮ್ಮ ಬೆನ್ನು ಹಾಕಿ ಕುಳಿತಿದ್ದರು. ಜಗಳೂರು ಓಡುತ್ತಿತ್ತು, ಬಾಗಿಲಿಗೆ ಬೀಗ. ಚನ್ನಗಿರಿ ಓಡುತ್ತಿತ್ತು. ಹೊನ್ನಾಳಿ ಒಂದೇ ಕಪ್ಪು.

“ಕೆಟ್ಟಿಲ್ಲ. ನಾನೇ ಬಂದ್ ಮಾಡ್ದೆ,” ಎಂದರು ಮಾವ.

“ಯಾಕ್ರಿ?”

“ಇಷ್ಟು ವರ್ಷ ಆದ್ಮ್ಯಾಲೆ ಮಾತಾಡ್ತಾರೆ. ಆ ಮಾತು ಅವರಿಬ್ಬರಿಗೆ ಇರ್ಲಿ.”

ಅತ್ತೆ ಸೌಟು ಹಿಡಿದು ಒಳಗೆ ಹೋದರು. ರೆಕಾರ್ಡಿಂಗ್ ಇರುತ್ತದಲ್ಲ, ಆಮೇಲೆ ನೋಡೋಣವೇ ಎಂದು ನಾನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ನಾಲ್ಕು ಊರುಗಳ ಹಾಲಿನವರನ್ನೂ ಆಡುಗಳನ್ನೂ ಬಿಡದೆ ನೋಡುತ್ತಿದ್ದ ಮನುಷ್ಯ, ಜೀವಮಾನದಲ್ಲಿ ತಾನು ಅತ್ಯಂತ ಹೆಚ್ಚು ನೋಡಬಯಸಿದ್ದನ್ನು ನೋಡದೆ, ಕೈಗಳನ್ನು ತೊಡೆಯ ಮೇಲಿಟ್ಟು ಆ ಕಪ್ಪು ಚೌಕದ ಮುಂದೆ ಕುಳಿತಿದ್ದರು.

ಸಂಜೆ ಕಾಲೇಜಿನಿಂದ ತಿರುಗಿ ಬಂದಾಗ ಮಾವ ಹೊನ್ನಾಳಿಯನ್ನು ಮತ್ತೆ ಹಚ್ಚುತ್ತಿದ್ದರು. ಕ್ಯಾಮೆರಾ ಸರಿಯಿದೆಯೋ ಇಲ್ಲವೋ ನೋಡಲು ಮಾತ್ರ ಎಂದು ನನಗೆ ಹೇಳಿದರು. ಜಗಲಿಯಲ್ಲಿ ಯಾರೂ ಇರಲಿಲ್ಲ. ತೆರೆದ ಬಾಗಿಲಿನ ಒಳಗಿನಿಂದ ದನಿಗಳು ಬರುತ್ತಿದ್ದವು.

“ಹಂಗಲ್ಲ ಕಣೇ. ಅವ್ವ ಇದಕ್ಕೆ ಬೆಲ್ಲ ಹಾಕ್ತಿರ್ಲಿಲ್ಲ.”

“ಹಾಕ್ತಿದ್ಲು. ನಿನಗೆ ನೆನಪಿಲ್ಲ.”

“ನಾನು ನಿನಗಿಂತ ದೊಡ್ಡಾಕಿ.”

“ಅದಕ್ಕೇ ಮರೆತೀಯ.”

ಆಮೇಲೆ ಇಬ್ಬರೂ ನಗುವುದು ಕೇಳಿಸಿತು. ಯಾವುದು ಯಾರ ನಗು ಎಂದು ನನಗೆ ಬಿಡಿಸಲಾಗಲಿಲ್ಲ. ಮಾವ ಬೆರಳಿನಿಂದ ಸೌಂಡನ್ನು ಮೆಲ್ಲಗೆ ಪೂರಾ ಕೆಳಗಿಳಿಸಿದರು.

“ಆಡಿಯೋ ಭಾಳ ಚೆನ್ನಾಗಿ ಬರ್ತೈತೆ ನೋಡವ್ವ,” ಎಂದರು. ಹೇಳುವಾಗ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡಿದ್ದರಿಂದ, ಪಕ್ಕದಲ್ಲೇ ಕುಳಿತಿದ್ದರೂ ಅವರ ಮಾತು ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಲಿಲ್ಲ.